ಕುಕ್ಕರಿನಿಂದ ಹಾರಿದ ಹಡಗಿನ ಕತೆ

"ಇದರಾಗ ಪುಸ್ತಕ ಇಡೋದು, ಈ ಟೋಪಿ ತಲಿಗೆ ಹಾಕ್ಕೊಳ್ಳೋದು. ಸೀಟಿ ಹೊಡೀತಂದ್ರ ಇಡೀ ಕತಿ ನಿನ್ನ ತಲ್ಯಾಗ," ಎನ್ನುತ್ತ ಪಂಚಾಕ್ಷರಿ ಮಾಮಾ ವೈರು ಸುತ್ತಿದ ಹಳೇ ಪ್ರೆಷರ್ ಕುಕ್ಕರನ್ನು ಹೆಮ್ಮೆಯಿಂದ ಸವರಿದ. ಗದಗಿನಲ್ಲಿ ಮಿಕ್ಸರ್ ರಿಪೇರಿ ಮಾಡುವ ಈ ಮಾಮಾನಿಗೆ ಹೊಸ ಯಂತ್ರ ಕಟ್ಟುವುದೇ ಹುಚ್ಚು.

ಏಳನೇ ತರಗತಿಯ ನೀಲಾಂಬಿಕಾ ಅನುಮಾನದಿಂದ ನೋಡಿದಳು. "ನಿನ್ನ ರೊಟ್ಟಿ ಮಷಿನ್ನು ಅಜ್ಜಿ ಸೀರಿನೇ ತಟ್ಟಿ ಬೇಯಿಸಿತ್ತು, ಮಾಮಾ."

"ಅದು ಅಡಗಿ. ಇದು ವಿಜ್ಞಾನ."

ಬೇರೆ ದಾರಿಯೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಒಂದು ಕಾದಂಬರಿ ಓದಿ, ಶಾಲೆ ಶುರುವಾದ ದಿನ ಎಲ್ಲರ ಮುಂದೆ ಕತೆ ಹೇಳಬೇಕೆಂದು ಬಡಿಗೇರ ಸರ್ ಹೇಳಿದ್ದರು. ನೀಲಾ ಗ್ರಂಥಾಲಯದಿಂದ ತಂದ ಹಡಗಿನ ಕತೆ ರಜೆಯುದ್ದಕ್ಕೂ ನೀರಿನ ಹೂಜಿಗೆ ಮುಚ್ಚಳವಾಗಿತ್ತು. ನಾಳೆಯೇ ಶಾಲೆ.

ಟೋಪಿ ಹಾಕಿಕೊಂಡಳು. ಕುಕ್ಕರು ಕೂಗಿತು. ಟೋಪಿಯ ಬುಡದಿಂದ ನೀಲಿ ಹಬೆ ಬುಸ್ಸೆಂದು ಎದ್ದು ಕಿಟಕಿಯಿಂದ ಹೊರಗೆ ಹೋಯಿತು. ನೀಲಾಳ ತಲೆಗೆ ಒಂದಕ್ಷರವೂ ಇಳಿದಿರಲಿಲ್ಲ. ಮುಚ್ಚಳ ತೆಗೆದರೆ ಪುಸ್ತಕದ ಹಾಳೆಗಳೆಲ್ಲ ಬೆಳ್ಳಗೆ.

"ಅಕ್ಷರ ಎಲ್ಲಿ ಮಾಮಾ?"

"ವಾಷರ್ ಸ್ವಲ್ಪ ಸಡ್ಲ ಇತ್ತು ನೋಡು," ಎಂದು ಮಾಮಾ ಕಿಟಕಿಯತ್ತ ತಿರುಗಿದ.

ಉತ್ತರ ಬಂದದ್ದು ಓಣಿಯಿಂದ. ಟೇಲರ್ ಮಕ್ತುಂಸಾಬ ಅರ್ಧ ಕತ್ತರಿಸಿದ ಬಟ್ಟೆ ಬೀಸುತ್ತ, "ಹಾಯಿ ಇಳಸ್ರಿ, ಬಿರುಗಾಳಿ ಬರಾಕತ್ತೈತಿ," ಎಂದು ಗಿರಾಕಿಗಳನ್ನು ಗದರಿಸುತ್ತಿದ್ದ. ಹಾಲು ಮಾರುವ ಗಂಗವ್ವ ಕಟ್ಟೆಯ ಮೇಲೆ ಕುಳಿತು, ಮಗಳನ್ನು ಹುಡುಕಿಕೊಂಡು ಹಡಗು ಹತ್ತಿದ ಕ್ಯಾಪ್ಟನ್ನಿನ ದುಃಖಕ್ಕೆ ಗೊಳೋ ಎಂದು ಅಳುತ್ತಿದ್ದಳು. ಪಡಸಾಲೆಯಲ್ಲಿ ನೀಲಾಳ ಅಜ್ಜಿ ಲಟ್ಟಣಿಗೆ ಹಿಡಿದು ಕಡಲುಗಳ್ಳರನ್ನು ಕಾಯುತ್ತಿದ್ದಳು.

ನೀಲಾಳಿಗೆ ಅಳುವೇ ಬಂತು. "ಗ್ರಂಥಾಲಯದವ್ರಿಗೆ ಏನ್ ಹೇಳ್ಲಿ? ಇವ್ರೆಲ್ಲಾ ಹಿಂಗ ಉಳದ್ರ?"

"ಮಷಿನ್ ಉಲ್ಟಾ ಓಡಸೋಣು," ಎಂದ ಮಾಮಾ, ವೈರುಗಳನ್ನು ಅದಲುಬದಲು ಮಾಡುತ್ತ. "ತಲ್ಯಾಗ ಇದ್ದದ್ದನ್ನ ಬಾಯಿಬಿಟ್ಟು ಹೇಳಿದ್ರ ಅಕ್ಷರ ವಾಪಸ್ ಬರತಾವು. ನೀ ಕೇಳ್ಕೋತ ಕುಂದ್ರು, ಯಾರೂ ನಡುವ ನಿಲ್ಲಸ್ಬಾರ್ದು."

ಗಂಗವ್ವ ಟೋಪಿ ಹಾಕಿಕೊಂಡು ಹೇಳತೊಡಗಿದಂತೆ, ಇರುವೆ ಸಾಲಿನಂತೆ ಅಕ್ಷರಗಳು ಹಾಳೆಗೆ ಮರಳಿದವು. ಹೇಳಿ ಮುಗಿಸಿ ಕಣ್ಣೊರೆಸಿಕೊಂಡು, "ಅಯ್ಯ, ಎದಿ ಹಗುರಾತ ನೋಡವ್ವ," ಎಂದಳು. ಮಕ್ತುಂಸಾಬನ ಬಿರುಗಾಳಿಯೂ ಇಳಿಯಿತು. ಅಜ್ಜಿ ಮಾತ್ರ ಕಳ್ಳರಿಗೆ ಒಂದು ಮದುವೆ ಸೇರಿಸಿ ಹೇಳಿದಳು. ಕುಕ್ಕರು ಅದನ್ನೂ ಅಚ್ಚು ಹಾಕಿತು.

"ಆಮ್ಯಾಲೆ?" "ಆಮ್ಯಾಲೆ?" ಎನ್ನುತ್ತ ನೀಲಾ ಊಟವನ್ನೇ ಮರೆತಿದ್ದಳು. ಹಡಗು ಈಗ ನಿಧಿಯ ದ್ವೀಪದ ಹತ್ತಿರವಿತ್ತು. ಆದರೆ ಕೊನೆಯ ಅಧ್ಯಾಯ ಯಾರ ತಲೆಯಲ್ಲೂ ಇರಲಿಲ್ಲ. ಓಣಿಯವರನ್ನೆಲ್ಲ ಕೇಳಿ ಸುಸ್ತಾದಾಗ ಗಂಗವ್ವ ಕೂಗಿದಳು:

"ಪಂಚಾಕ್ಷರಿ, ನನ್ನ ಎಮ್ಮಿ ಮೆಲಕ ಹಾಕವಲ್ದು. ಸುಮ್ನ ದೂರ ನೋಡ್ಕೋತ ನಿಂತೈತಿ."

ಎಮ್ಮೆಯ ಕೋಡಿಗೆ ಟೋಪಿ ಏರಿತು. ಅದು ದೀರ್ಘವಾಗಿ ಕೂಗಿತು. ಉಳಿದ ಹಾಳೆಗಳು ತುಂಬಿಕೊಂಡವು, ಎಮ್ಮೆ ಮೆಲುಕು ಹಾಕತೊಡಗಿತು. ನೀಲಾ ಅದರ ಕೊರಳು ತಬ್ಬಿಕೊಂಡು ಉಸಿರು ಬಿಟ್ಟಳು. ಆಮೇಲೆ ಅಲ್ಲೇ ಗೊಂತಿನ ಪಕ್ಕ ಕುಳಿತು, ಕೊನೆಯ ಅಧ್ಯಾಯವನ್ನು ತನ್ನ ಕಣ್ಣಿಂದಲೇ ಓದಿ ಮುಗಿಸಿದಳು.

ಮರುದಿನ ತರಗತಿಯಲ್ಲಿ ಅವಳ ಕತೆ ಕೇಳುತ್ತ ಒಬ್ಬರೂ ಮಿಸುಕಲಿಲ್ಲ.

"ಕೊನೀಗೆ ನಿಧಿ ಸಿಕ್ತೇನು?" ಎಂದರು ಬಡಿಗೇರ ಸರ್.

"ನಿಧಿ ಯಾರೂ ಹುಡುಕಲಿಲ್ರಿ ಸರ್. ದ್ವೀಪದಾಗ ಒಂದು ಕೆಸರಿನ ಹೊಂಡ ಇತ್ರಿ. ಕ್ಯಾಪ್ಟನ್ನು, ಮಗಳು, ಕಳ್ಳರು ಎಲ್ಲಾರೂ ಅದ್ರಾಗ ಇಳದು ಸಂಜೀತನಕ ಕುಂತ್ರು. ಆಮ್ಯಾಲೆ ಹತ್ತಿಕಾಳಿನ ಹಿಂಡಿ ತಿಂದ್ರು."

ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ಸಮಾಧಾನದ ಮುಕ್ತಾಯ," ಎಂದರು, "ದೊಡ್ಡ ದೊಡ್ಡ ಸಾಹಿತಿಗಳಿಗೂ ಬರೀಲಿಕ್ಕೆ ಆಗಿಲ್ಲ."