ಮೇಲಿನಿಂದ ಕೆಳಕ್ಕೆ ಹೊದಿಸಿದ ಚಾವಣಿ

ನಾನು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಅಂಥವನು ಸ್ವತಃ ಕೆಲಸಕ್ಕೆ ಕೈಹಾಕಿದರೆ ತಪ್ಪು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ನನಗೆ ಸವಿಸ್ತಾರವಾದ ಉತ್ತರ ಸಿಕ್ಕಿತು.

ಎಪ್ಪತ್ತರ ದಶಕದ ಕೊನೆಯ ಮಾತು. ಬಿಜಾಪುರದ ಕಡೆಯಿಂದ ಬಂದ ನಾನು ಮತ್ತು ನನ್ನ ಹೆಂಡತಿ ಗಿರಿಜಾ ಯಲಹಂಕದ ಹಳೇ ಊರಿನಲ್ಲಿ ಮುನಿಯಪ್ಪನವರ ಮನೆಯ ಪಕ್ಕದ ಭಾಗದಲ್ಲಿ ಬಾಡಿಗೆಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ವರಾಂಡ. ಆ ವರಾಂಡದಲ್ಲೇ ಗಿರಿಜಾಳ ಹೊಲಿಗೆ ಮಿಷನ್. ವರಾಂಡದ ಇಳಿಜಾರು ಚಾವಣಿಗೆ ಹೆಂಚಿರಲಿಲ್ಲ. ಮುನಿಯಪ್ಪನವರು ಯಾವುದೋ ಹರಾಜಿನಲ್ಲಿ ಸಿಕ್ಕ ಡಾಂಬರು ಶೀಟಿನ ಸುರುಳಿಗಳನ್ನು ತಂದು, ಮೊಳದಗಲದ ತುಂಡು ಮಾಡಿಸಿ, ಹಲಗೆಗಳ ಮೇಲೆ ಹೆಂಚಿನಂತೆ ಸಾಲಾಗಿ ಹೊಡೆಸಿದ್ದರು. ಹೊಡೆದವನು ಯಾರೋ ಮಹಾನುಭಾವ, ಮೊಳೆಗಳನ್ನೆಲ್ಲ ಬಯಲಿಗೇ ಬಡಿದು ಹೋಗಿದ್ದ. ಅವು ತುಕ್ಕು ಹಿಡಿದು ಸುತ್ತ ತೂತಾಗಿ, ಮಳೆ ಬಂದಾಗ ಎರಡು ಕಡೆ ತೊಟ್ಟಿಕ್ಕುತ್ತಿತ್ತು.

ಎರಡೇ ಕಡೆ. ಈ ಸಂಖ್ಯೆಯನ್ನು ಓದುಗರು ದಯವಿಟ್ಟು ಗಮನಿಸಬೇಕು.

ಆ ಶ್ರಾವಣದಲ್ಲಿ ಮುನಿಯಪ್ಪನವರ ಮಗಳು ಜಯಮ್ಮನ ಮದುವೆ. ಧಾರೆ ಸೀರೆಯ ಜೊತೆಗಿನ ಕುಪ್ಪಸ ಹೊಲಿಯುವ ಕೆಲಸ ಗಿರಿಜಾಳಿಗೆ ಬಂದಿತ್ತು. ಅದುವರೆಗೆ ಊರವರು ಅವಳ ಕೈಗೆ ಕೊಟ್ಟಿದ್ದು ದಿಂಬಿನ ಚೀಲ, ಮಕ್ಕಳ ಲಂಗ, ಅಷ್ಟೇ. ಈ ರೇಷ್ಮೆ ಕುಪ್ಪಸ ಒಪ್ಪವಾದರೆ ಊರಿನ ಹೆಂಗಸರೆಲ್ಲ ಅವಳ ಬಾಗಿಲಿಗೆ ಬರುತ್ತಾರೆ. ಕೆಟ್ಟರೆ ಮತ್ತೆ ದಿಂಬಿನ ಚೀಲವೇ ಗತಿ. ಬಟ್ಟೆ ಕತ್ತರಿಸುವ ಮೊದಲು ಅವಳು ಮೂರು ದಿನ ಅದನ್ನು ಬರೀ ಮುಟ್ಟಿ ಮುಟ್ಟಿ ನೋಡಿದ್ದಳು.

"ಡಾಂಬರದ ನೀರು ಇದರ ಮ್ಯಾಲೆ ಬಿದ್ರ ಕಲಿ ಹೋಗಂಗಿಲ್ಲ. ಯಾರನರ ಕರಕೊಂಡ ಬಂದು ಮಾಳಗಿ ರಿಪೇರಿ ಮಾಡಸ್ರಿ" ಎಂದಳು.

"ಯಾರನ್ಯಾಕ ಕರೀಬೇಕು? ನಾ ಅದೀನಲ್ಲ" ಎಂದೆ.

ಅವಳು ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಅದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ನಮ್ಮ ಬಿಜಾಪುರದ ಕಡೆ ಮನೆಗಳ ಮಾಳಿಗೆ ಚಪ್ಪಟೆ. ಸೋರಿದರೆ ನಾವು ಮೊಳೆ, ಸುತ್ತಿಗೆ ಹುಡುಕುವುದಿಲ್ಲ. ಸವಳು ಮಣ್ಣು ತಂದು ಮೇಲೆ ಹರಡುತ್ತೇವೆ, ತುಳಿಯುತ್ತೇವೆ, ಕೆಳಗಿಳಿದು ರೊಟ್ಟಿ ತಿನ್ನುತ್ತೇವೆ. ನನ್ನ ಅಜ್ಜ, ಮುತ್ತಜ್ಜ ಎಲ್ಲರೂ ಹೀಗೇ ಮಾಡಿ ಒಣಗಿದ ಮನೆಯಲ್ಲಿ ಬಾಳಿದವರು. ಆ ಪರಂಪರೆಯನ್ನು ಸ್ಮರಿಸಿ ಭಾನುವಾರ ಬೆಳಿಗ್ಗೆ ಕೆರೆಯ ಕಡೆಯಿಂದ ನಾಲ್ಕು ಗೋಣಿಚೀಲ ಮಣ್ಣು ತಂದೆ. ಚಾವಣಿಯ ಮೇಲೆ ಸುರಿದು ಹದವಾಗಿ ತುಳಿದೆ. ಇಳಿಜಾರಾದ್ದರಿಂದ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೇ ತುಳಿಯಬೇಕಾಯಿತು. ಅಲ್ಲಿಗಾದರೂ ನನಗೆ ಹೊಳೆಯಬೇಕಿತ್ತು.

ಮಧ್ಯಾಹ್ನ ಮಳೆ ಬಂತು. ನನ್ನ ಪರಂಪರೆ ಇಡಿಯಾಗಿ ಜಾರಿ, ಅಂಗಳದಲ್ಲಿ ಮುನಿಯಪ್ಪನವರು ಒಣಗಲು ಹರಡಿದ್ದ ಹುರುಳಿಯ ಮೇಲೆ ಬಂದು ಕೂತಿತು. ಹುರುಳಿ ಎತ್ತಲು ಓಡಿ ಬಂದ ಮುನಿಯಪ್ಪನವರು ಒಮ್ಮೆ ಚಾವಣಿ ನೋಡಿದರು, ಒಮ್ಮೆ ನನ್ನನ್ನು.

"ಏನ್ ಸಾಮಿ ಇದು, ಮನೆ ಮ್ಯಾಕೆ ವಲ ಮಾಡೀರಾ?"

"ಇದು ನಮ್ಮ ಕಡೆ ಪದ್ಧತಿ" ಎಂದೆ.

"ಓ, ಅಂಗಾ. ನಿಮ್ ಕಡೆ ಮಳೆ ಆಗಾಕಿಲ್ವಾ?"

ಈ ಪ್ರಶ್ನೆಯಲ್ಲಿ ತಥ್ಯವಿತ್ತು. ಬಿಜಾಪುರದ ಮಳೆ ಹೇಳಿ ಕೇಳಿ ಬರುವ ನೆಂಟ. ಇಲ್ಲಿನದು ಪಕ್ಕದ ಮನೆಯವರು ಬಂದಂತೆ, ಹೊತ್ತುಗೊತ್ತಿಲ್ಲ. ಆದರೂ ನಾನು ಎದೆಗುಂದಲಿಲ್ಲ. ಹಳೇ ಹೊದಿಕೆಯನ್ನೆಲ್ಲ ಕಿತ್ತು, ಮುನಿಯಪ್ಪನವರ ಬಳಿ ಉಳಿದಿದ್ದ ಸುರುಳಿಗಳಿಂದ ಹೊಸದಾಗಿ ಹೊದಿಸುವುದೆಂದು ನಿರ್ಧರಿಸಿದೆ. ಕಾರ್ಖಾನೆಗೆ ಎರಡು ದಿನ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣ: 'ಗೃಹ ನಿರ್ಮಾಣ'.

ಕೆಲಸ ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆ ಬಂತು. ನಾನು ಶಾಸ್ತ್ರೀಯವಾಗಿ ಯೋಚಿಸಿದೆ. ಮಳೆ ಮೇಲಿನಿಂದ ಬರುತ್ತದೆ, ಆದ್ದರಿಂದ ಕೆಲಸವೂ ಮೇಲಿನಿಂದ ಬರಬೇಕು. ಅಲ್ಲದೆ ಕೆಳಗಿನಿಂದ ಶುರು ಮಾಡಿದರೆ ಹೊಸ ಹೊದಿಕೆಯನ್ನೇ ತುಳಿದುಕೊಂಡು ಹತ್ತಬೇಕಲ್ಲ! ಗೋಡೆಯ ಹತ್ತಿರ ಮೊದಲ ಸಾಲು ಹೊಡೆದೆ. ಅದರ ಅಂಚಿನ ಮೇಲೆ ನಾಲ್ಕು ಬೆರಳು ಬರುವಂತೆ ಎರಡನೆಯ ಸಾಲು. ಅದರ ಅಂಚಿನ ಮೇಲೆ ಮೂರನೆಯದು. ಹೀಗೆ ಕೆಳಗಿನ ತುದಿಯವರೆಗೆ. ಸಾಲುಗಳು ದಾರ ಹಿಡಿದಂತೆ ನೇರ. ಹೆಬ್ಬೆರಳಿಗೆ ಮೂರು ಸಲ ಸುತ್ತಿಗೆ ಬಿದ್ದಿತ್ತು, ಆದರೆ ಕೆಲಸ ಮುಗಿದ ಮೇಲೆ ರಸ್ತೆಯಾಚೆ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂತು. ದಾರಿಹೋಕರಿಬ್ಬರನ್ನು ನಿಲ್ಲಿಸಿ ತೋರಿಸಿದೆ ಕೂಡ.

"ಇನ್ನ ಮಳಿ ಬರಲಿ, ಬಿಡಲಿ, ಆರಾಮ ಕುಂತು ಹೊಲಿ. ಒಂದ್ ಹನಿ ಬೀಳಂಗಿಲ್ಲ" ಎಂದು ಗಿರಿಜಾಳಿಗೆ ಭರವಸೆ ಕೊಟ್ಟೆ. ಅವಳು ನಂಬಿದಳು. ಕತ್ತರಿಸಿದ ರೇಷ್ಮೆ ತುಂಡುಗಳನ್ನು ಮಿಷನ್ ಮೇಲೆ ಹರಡಿಕೊಂಡು ಕೂತಳು.

ಮರುದಿನ ಸಂಜೆ ಮಳೆ ಹೊಯ್ಯಿತು. ನಾನು ಹನ್ನೊಂದರವರೆಗೆ ಎಣಿಸಿದೆ. ಹನ್ನೊಂದು ಕಡೆ ಸೋರುತ್ತಿತ್ತು! ಪಾತ್ರೆ ಸಾಲದೆ ನನ್ನ ಊಟದ ಡಬ್ಬಿಯನ್ನೂ ಇಟ್ಟೆವು. ಗಿರಿಜಾ ರೇಷ್ಮೆಯನ್ನು ಬಾಚಿ ಅಕ್ಕಿ ಡಬ್ಬದೊಳಗೆ ಹಾಕಿದಳು. ಒಂದು ಕ್ಷಣ ತಡವಾಗಿತ್ತು. ಬಲ ತೋಳಿನ ತುಂಡಿನ ಮೇಲೆ ಕಾಸಿನಗಲದ ಕಪ್ಪು ಕಲೆ.

ಅವಳು ಅತ್ತಿದ್ದರೆ, ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಆ ತುಂಡನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮುಟ್ಟಿ ಮುಟ್ಟಿ ನೋಡಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಅವಳ ಮೂರು ದಿನದ ಆಸೆಯನ್ನು ನಾನು ಎರಡು ದಿನ ರಜೆ ಹಾಕಿ ಕೆಡಿಸಿದ್ದೆ.

ಆಮೇಲೆ ಅವಳು ತಲೆಯೆತ್ತಿ ಚಾವಣಿಯನ್ನು ನೋಡಿದಳು. ಅಂಗಳಕ್ಕೆ ಹೋಗಿ ಹೊರಗಿನಿಂದಲೂ ನೋಡಿ ಬಂದಳು.

"ಇದು ಮಾಳಗಿ ಅಲ್ರೀ. ಸಾಲಿಗೊಂದು ಜೇಬು ಹೊಲದೀರಿ. ಎಲ್ಲಾ ಬಾಯಿ ಮ್ಯಾಲ ಮಾಡಿ ನಿಂತಾವು. ನೀರು ಜೇಬಿನ್ಯಾಗ ಬೀಳದ ಮತ್ತೆಲ್ಲಿ ಹೋಗ್ಬೇಕು?"

ತಪಾಸಣೆ ವಿಭಾಗದಲ್ಲಿ ಇಷ್ಟು ಸ್ಪಷ್ಟವಾದ ವರದಿಯನ್ನು ನಾನು ಕಂಡಿರಲಿಲ್ಲ.

ಬೆಳಿಗ್ಗೆ ಸೆರಗು ಸಿಕ್ಕಿಸಿ, ಮುನಿಯಪ್ಪನವರ ಏಣಿ ತರಿಸಿ, ಅವಳೇ ಹತ್ತಿದಳು. ಎಲ್ಲವನ್ನೂ ಕಿತ್ತಳು. ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದ ಹಲಗೆಯ ಮೇಲೆ ಗೆರೆ ಎಳೆದು, ಕೆಳಗಿನ ತುದಿಯಿಂದ ಶುರು ಮಾಡಿದಳು. ಒಂದು ಸಾಲಿನ ಮೊಳೆಗಳು, ನಾನು ಮಾಡಿದ ಹಳೇ ತೂತುಗಳ ಸಮೇತ, ಮುಂದಿನ ಸಾಲಿನ ಅಡಿಯಲ್ಲಿ ಮುಚ್ಚಿಹೋಗುವಂತೆ ಹೊಡೆಯುತ್ತ ಮೇಲೇರಿದಳು. ನಾನು ಏಣಿ ಹಿಡಿದುಕೊಂಡೆ. ಮಧ್ಯಾಹ್ನದ ಮಳೆಗೆ ಒಂದು ಹನಿಯೂ ಒಳಗೆ ಬೀಳಲಿಲ್ಲ. ತೋಳಿನ ಕಲೆಯ ಮೇಲೆ ಅವಳು ಧಾರೆ ಸೀರೆಯ ಸೆರಗಿನ ಅಂಚಿನಲ್ಲಿ ಉಳಿದಿದ್ದ ಜರಿಯ ಪಟ್ಟಿ ಕೂರಿಸಿದಳು. ಒಂದೇ ತೋಳಿಗಾದರೆ ಗೊತ್ತಾಗುತ್ತದೆಂದು ಎರಡಕ್ಕೂ.

ಮದುವೆಯ ದಿನ ಹೆಂಗಸರೆಲ್ಲ ಜಯಮ್ಮನ ತೋಳು ಹಿಡಿದು ಹಿಡಿದು ಆ ಪಟ್ಟಿಯನ್ನೇ ನೋಡಿದರು. ಊಟದ ಹೊತ್ತಿಗೆ ನಾಲ್ವರು ಗಿರಿಜಾಳಿಗೆ ಕುಪ್ಪಸ ಹೊಲಿಯಲು ಒಪ್ಪಿಸಿಯಾಗಿತ್ತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಆ ಪಟ್ಟಿ ಹುಟ್ಟುವುದಕ್ಕೆ ಮೂಲ ಕಾರಣ ಯಾರು? ಪಂಕ್ತಿಯಲ್ಲಿ ಪಕ್ಕದವರಿಗೆ ಇದನ್ನು ಸೂಕ್ಷ್ಮವಾಗಿ ತಿಳಿಸುತ್ತಿದ್ದೆ. ಅಷ್ಟರಲ್ಲಿ ರಾಜಾನುಕುಂಟೆಯಿಂದ ಬಂದಿದ್ದ ಬೀಗರ ಕಡೆಯ ಹಿರಿಯರೊಬ್ಬರು, ವರಾಂಡದ ಚಾವಣಿ ಯಾರು ಮಾಡಿದ್ದೆಂದು ಮುನಿಯಪ್ಪನವರನ್ನು ಕೇಳಿದರು.

"ಇವ್ರ ಮನೆಯವ್ರು ಕಣಣ್ಣ. ಇವ್ರು ಏಣಿ ಇಡ್ಕಂಡಿದ್ರು."

ಆ ಹಿರಿಯರು ನನ್ನ ಕಡೆ ತಿರುಗಿ ಬಹಳ ಗೌರವದಿಂದ ಹೇಳಿದರು: "ಅಂಗಾದ್ರೆ ಒಂದಿನ ಅಮ್ಮಾರ್ನ ನಮ್ಮೂರ್ಗೂ ಕಳ್ಸಿ ಸಾಮಿ. ನೀವ್ ಬರಾದೇನ್ ಬ್ಯಾಡ. ಏಣಿ ಇಡ್ಕಳಾಕೆ ನಮ್ಮತ್ರ ಜನ ಅವ್ರೆ."

ಏಣಿ ಹಿಡಿಯುವುದಕ್ಕೂ ಅನುಭವ ಬೇಕಾಗುತ್ತದೆ ಎಂದು ಅವರಿಗೆ ವಿವರಿಸಲು ಬಾಯಿ ತೆರೆದೆ. ಎದುರು ಸಾಲಿನಿಂದ ಗಿರಿಜಾ ಬಡಿಸುವವರಿಗೆ ಸನ್ನೆ ಮಾಡಿ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದಳು.