ಒಂದು ತೋಳಿನ ಅಂಗಿ

ದರ್ಜಿಯ ಎಡತೋಳಿಗೆ ಬೆರಳಗಲದ ಪಟ್ಟಿಯೊಂದು ಅಂಟಿಕೊಂಡದ್ದೇ ತಡ, ಬೀದಿಗೆ ಬೀದಿಯೇ ಡಾಕ್ಟರಾಗಿಬಿಟ್ಟಿತು. ಆಸ್ಪತ್ರೆಯವರು ಪ್ರಯೋಗಕ್ಕೆಂದು ಕೊಟ್ಟ ಪಟ್ಟಿ ಅದು. ಅದರೊಳಗೆ ನ್ಯಾನೋ ಕಣಗಳು. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೂ ಒಂದೊಂದು ಸೀಳಿನ ಮೇಲೆ ಸಂಸಾರ ಸಮೇತ ಕಾಲು ಚಾಚಿ ಮಲಗುವಷ್ಟು ಸಣ್ಣವು! ಮೈಯಲ್ಲಿ ಸಕ್ಕರೆ ಹದದಲ್ಲಿದ್ದರೆ ಪಟ್ಟಿ ಹಸಿರು, ಮಿತಿ ಮೀರಿದರೆ ಕೆಂಪು.

ಹೆಂಡತಿ ಅವನದೇ ಕತ್ತರಿಯಿಂದ ಅವನದೇ ಅಂಗಿಯ ಎಡತೋಳನ್ನು ಕಚಕ್ಕೆಂದು ಕತ್ತರಿಸಿದಳು.

“ಊರಿಗೆಲ್ಲ ಕಾಣ್ಲಿ. ಸಂಜೆವರೆಗೂ ಹಸಿರಿದ್ರೆ ನಾಳೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ನಿಮಗೂ ಕೇಕು. ಕೆಂಪಾಯ್ತೋ, ಖಾಲಿ ತಟ್ಟೆ ನೋಡ್ಕೊಂಡು ಕೂತಿರಿ.”

ತಿಂಗಳುಗಟ್ಟಲೆ ಸಿಹಿಯ ಮುಖ ಕಾಣದ ದರ್ಜಿ ತಲೆಯಾಡಿಸಿ ಅಂಗಡಿಗೆ ಬಂದ. ಅಳತೆ ಕೊಡಲು ಬಂದವರೆಲ್ಲ ಮೊದಲು ಅವನ ತೋಳನ್ನೇ ಅಳೆದರು. ಎದುರಿನ ಇಸ್ತ್ರಿಯವಳಂತೂ ಕೆಲಸ ಬಿಟ್ಟು ಗಳಿಗೆಗೊಮ್ಮೆ ಇಣುಕಿದಳು.

“ಮಾಸ್ಟ್ರೇ, ಅಂಚಲ್ಲಿ ಕೆಂಪು ಕಾಣ್ತಿದೆ!”

“ಅದು ಗುರುತು ಹಾಕೋ ಸೀಮೆಸುಣ್ಣ ಕಣಮ್ಮ!”

ಮಧ್ಯಾಹ್ನ ಪಕ್ಕದ ಬೇಕರಿಯಿಂದ ಕೇಕಿನ ಘಮ ಬಂತು. ಎಂಥ ಘಮವೆಂದರೆ, ಹೊಲಿಗೆ ಯಂತ್ರದ ಬಾಯಲ್ಲೂ ನೀರೂರಿ ಅರ್ಧ ಹೊಲಿದ ಪ್ಯಾಂಟು ಒದ್ದೆಯಾಯಿತು.

ಗುಂಡಿ ಹಚ್ಚುತ್ತ ಕೂತಿದ್ದವನು ಹೆಂಡತಿಯ ತಮ್ಮ. ಸೂಜಿಯ ಕಣ್ಣಲ್ಲಿ ತೂರಿಸಿ ಗಂಟು ಹಾಕಬಹುದಾದಷ್ಟು ಸಣಕಲ. ಭಾವನ ಸಂಕಟ ನೋಡಲಾರದೆ ತೋಳು ಚಾಚಿದ.

“ನಂಗೆ ಅಂಟಿಸಿ, ಹೋಗ್ಬನ್ನಿ ಭಾವ. ನನ್ನ ಮೈಲಿ ದೀಪ ಹಿಡ್ಕೊಂಡು ಹುಡುಕಿದ್ರೂ ಸಕ್ಕರೆ ಸಿಗಲ್ಲ.”

ಪಟ್ಟಿ ತೋಳು ಬದಲಿಸಿತು. ದರ್ಜಿ ಬೇಕರಿಗೆ ಹಾರಿದ.

“ಕೇಕು ಕೊಡಪ್ಪ, ಬೇಗ!”

ಬೇಕರಿಯವನು ಒಳಗಿಂದ ಪುಟ್ಟ ಕೇಕೊಂದನ್ನು ತಂದಿಟ್ಟ. “ನಿಮ್ದೇ ಅಲ್ವಾ ಮಾಸ್ಟ್ರೇ, ಇವತ್ತು ತಿಂದ್ರೇನು, ನಾಳೆ ತಿಂದ್ರೇನು!”

ಆಹಾ, ಎಂಥ ದೊಡ್ಡ ಮನಸ್ಸು! ದರ್ಜಿ ಕೇಕನ್ನು ಮುಗಿಸಿ, ತಟ್ಟೆಯ ಚಿತ್ತಾರ ಅಳಿಸಿಹೋಗುವಂತೆ ನೆಕ್ಕಿದ.

ಬಾಯಿ ಒರೆಸುತ್ತ ಅಂಗಡಿಗೆ ಮರಳಿದರೆ ಹೆಂಡತಿ ಅಲ್ಲೇ ನಿಂತಿದ್ದಾಳೆ. ತಮ್ಮನ ತೋಳು ಅವಳ ಕೈಯಲ್ಲಿದೆ. ತೋಳಿನ ಮೇಲೆ ಪಟ್ಟಿ, ಹಣ್ಣುಮೆಣಸಿನಕಾಯಿಯಂತೆ ಕೆಂಪಗೆ!

ಇಬ್ಬರನ್ನೂ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಬೆರಳು ಚುಚ್ಚಿ ನೋಡಿ, ಸಣಕಲನಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತುಮಾಡಿದರು. ದರ್ಜಿಯ ತೋಳಿಗೆ ಹೊಸ ಪಟ್ಟಿ ಅಂಟಿಸಿದರೆ, ಎಳೇ ಹುಲ್ಲಿನ ಹಸಿರು.

ದರ್ಜಿ ಕುಣಿದಾಡಿದ. “ಕೇಕು ತಿಂದೂ ಹಸಿರು ಕಣೇ! ಕೊಟ್ಟ ಮಾತು ತಪ್ಬೇಡ, ನಾಳೆ ನನ್ನ ಕೇಕು ನಂಗೆ!”

“ಹಸಿರಿರದೆ ಇನ್ನೇನ್ರೀ? ನಿಮಗೇಂತ ಸಕ್ಕರೆ, ಮೈದಾ ಸೋಕಿಸದೆ ಬಾದಾಮಿ ಪುಡಿಯಲ್ಲಿ ನಾನೇ ಮಾಡಿಸಿಟ್ಟಿದ್ದ ಕೇಕು ಅದು. ನಾಳೆಯದು.”

“ಹಂಗಾದ್ರೆ… ನಾಳೆ?”

ಹೆಂಡತಿ ಚೀಲದಿಂದ ಕತ್ತರಿ ತೆಗೆದು ತಮ್ಮನ ಅಂಗಿಯ ತೋಳಿಗೂ ಕಚಕ್ಕೆನಿಸಿದಳು.

“ಖಾಲಿ ತಟ್ಟೆ ನೋಡ್ಕೊಂಡು ಕೂತಿರಿ. ಜೊತೆಗೆ ಇವನಿದಾನಲ್ಲ.”