ಸಾಬೂನಿನ ಗೂಡಿಗೆ ತಕ್ಕಂತೆ ಅತ್ತೆಯವರನ್ನು ಉದ್ದ ಮಾಡಿಕೊಡುವ ಬಗ್ಗೆ

ಮಾನ್ಯ ಮುಖ್ಯ ವಿನ್ಯಾಸಕರಾದ ಶ್ರೀ ಸಿದ್ಧಾರ್ಥ್ ಅವರೇ,

ವರ್ತೂರಿನ ಯಮುನಾ ದೇವರಾಜ್ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಸ್ನಾನಶಿಲ್ಪ ಇಂಟೀರಿಯರ್ಸ್ ಸಂಸ್ಥೆಯೂ, ವೈಟ್‌ಫೀಲ್ಡ್ ಕಚೇರಿಯ ಆ ಕಾಫಿ ಮಷೀನೂ ಕ್ಷೇಮವೆಂದು ನಂಬಿದ್ದೇನೆ. 'ನಮ್ಮ ಸೇವೆ ಹೇಗಿತ್ತು, ನಕ್ಷತ್ರ ಕೊಡಿ' ಎಂದು ತಮ್ಮಿಂದ ಐದನೇ ಬಾರಿ ಸಂದೇಶ ಬಂದಿದೆ. ನಕ್ಷತ್ರಗಳಲ್ಲಿ ಹೇಳಿ ಮುಗಿಯುವ ಸಂಗತಿ ಇದಲ್ಲವಾದ್ದರಿಂದ, ಮನೆ ರಿಪೇರಿಗೆ ಕೈ ಹಾಕಿರುವ ಇತರರಿಗೂ ಉಪಯೋಗವಾಗಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಬಚ್ಚಲುಮನೆಯ ಗೋಡೆಯೊಳಗೆ, ಶವರಿನ ಪಕ್ಕದಲ್ಲಿ, ಸೋಪು ಶ್ಯಾಂಪೂ ಇಡಲು ಟೈಲ್ಸಿನ ಗೂಡೊಂದು ಬೇಕೆಂದು ತಮ್ಮ ಬಳಿ ಬಂದವಳು ನಾನೇ. ನಮ್ಮ ಅತ್ತೆ ಭದ್ರಮ್ಮನವರು ಬೇಡವೆಂದಿದ್ದರು. ಅವರ ಸೋಪು, ಸೀಗೆಪುಡಿ ಡಬ್ಬಿ, ಹಿಮ್ಮಡಿ ಉಜ್ಜುವ ಕಲ್ಲು ಎಷ್ಟೋ ವರ್ಷಗಳಿಂದ ಕಿಟಕಿ ಕಟ್ಟೆಯ ಮೇಲೆ ಸುಖವಾಗಿದ್ದವು. ತಾವು ಮೊದಲ ದಿನವೇ ಅದನ್ನೆಲ್ಲ 'ವಿಷುವಲ್ ಕ್ಲಟರ್' ಎಂದು ಕರೆದು ಆ ಕಟ್ಟೆಯನ್ನೇ ಒಡೆಸಿದಿರಿ. ನಾನು ಅರ್ಥವಾದವಳಂತೆ ತಲೆಯಾಡಿಸಿದೆ.

ತಮ್ಮ ನಕ್ಷೆ ಸುಂದರವಾಗಿತ್ತು. ನೆಲದಿಂದ ಐದೂವರೆ ಅಡಿ ಎತ್ತರದಲ್ಲಿ, ಒಳಗೆ ಹಳದಿ ದೀಪ ಬೆಳಗುವ, ತಳ ಕನ್ನಡಿಯಂತೆ ಸಮತಟ್ಟಾದ ಗೂಡು. ನಕ್ಷೆಯಲ್ಲಿ ಶವರಿನ ಕೆಳಗೆ ನಿಂತಿದ್ದ ಹೆಂಗಸು ಆರಡಿ ಇದ್ದಳು. ಮೈಮೇಲೆ ಒಂದು ಹನಿ ನೀರಿರಲಿಲ್ಲ. ನಮ್ಮ ಅತ್ತೆಯವರು ನಾಲ್ಕಡಿ ಎಂಟಂಗುಲ. ಅವರು ನಕ್ಷೆ ನೋಡಿ, "ಅಲ್ಲ ಕಣಮ್ಮ, ಅಷ್ಟು ಮ್ಯಾಲೆ ಸೋಪು ಮಡಗಿದ್ರೆ ನಾನೇನು ಏಣಿ ಆಕ್ಕೊಂಡು ಸ್ನಾನ ಮಾಡ್ಲಾ?" ಎಂದರು. ತಾವು ನಗುತ್ತಾ, "ಐ ಲೆವೆಲ್‌ನಲ್ಲಿದ್ರೇನೇ ಲುಕ್ ಬರೋದು ಆಂಟಿ" ಎಂದಿರಿ. ಯಾರ ಕಣ್ಣು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಟೈಲ್ಸ್ ಕೂರಿಸಲು ಬಂದ ಸುರಪುರದ ಕಡೆಯ ಮುದಕಪ್ಪನವರೂ ಒಂದು ಮಾತು ಹೇಳಿದರು. "ಸರ್, ತಳಕ್ಕ ಸ್ವಲ್ಪ ಇಳಿಜಾರ ಕೊಡೂಣ್ರಿ. ಇಲ್ಲಾಂದ್ರ ನೀರು ನಿಂತು ಸೋಪು ಗಂಜಿ ಆಗ್ತೈತ್ರಿ. ಮತ್ತ ಆ ಅವ್ವಗ ಕೈ ನಿಲುಕಂಗಿಲ್ರಿ." ತಾವು ಅವರ ಕೈಗೆ ನಕ್ಷೆ ಕೊಟ್ಟು, "ಇದ್ರಲ್ಲಿ ಏನಿದ್ಯೋ ಅಷ್ಟು ಮಾಡಿ, ಸಾಕು" ಎಂದಿರಿ. ಆಗಲೂ ನಾನು ತಮ್ಮ ಪಕ್ಷವೇ.

ಆಮೇಲೆ ನಡೆದದ್ದನ್ನು ತಮ್ಮ ಸಂಸ್ಥೆಯ ಸಾಧನೆಗಳ ಪಟ್ಟಿಗೆ ಸೇರಿಸಿಕೊಳ್ಳಲೆಂದು ವಿವರಿಸುತ್ತೇನೆ. ತಳದಲ್ಲಿ ನಿಂತ ನೀರು ಮೂರೇ ದಿನಕ್ಕೆ ಸೋಪನ್ನು ರಾಗಿ ಅಂಬಲಿಯ ಹದಕ್ಕೆ ತಂದಿತು. ದೀಪದ ಬೆಳಕಿನಲ್ಲಿ ಅಂಬಲಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಎರಡನೇ ಶುಕ್ರವಾರ ಬೆಳಿಗ್ಗೆ ಅತ್ತೆಯವರು ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಸೀಗೆಪುಡಿ ಕಣ್ಣಿಗಿಳಿದಿದ್ದರಿಂದ ಕಣ್ಣು ಮುಚ್ಚಿಕೊಂಡೇ ಗೂಡಿಗೆ ಕೈ ಚಾಚಿದರು. ಬಕೆಟ್ಟು ಜಾರಿತು. ನನ್ನ ಗಂಡ ಚಿಲಕ ಮುರಿದು ಒಳಗೆ ಹೋದಾಗ ಅವರ ಬಲ ಮಣಿಕಟ್ಟು ಮುರಿದಿತ್ತು.

ಹೇಗಾಯಿತೆಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನನ್ನ ನಾದಿನಿಯರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅತ್ತೆಯವರು, "ನಂದೇ ತಪ್ಪು ಸಾಮಿ, ಕಾಲು ಜಾರ್ಬುಡ್ತು" ಎಂದರು. ಗೂಡಿನ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ.

ಆರು ವಾರ ನಾನೇ ಸ್ನಾನ ಮಾಡಿಸಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿದ್ದರೂ ಅವರ ಎಡಗೈ ಭುಜಕ್ಕಿಂತ ಮೇಲೆ ಏಳುವುದೇ ಇಲ್ಲವೆಂಬುದು ನನಗೆ ಗೊತ್ತಾದದ್ದು ಆಗ. ಯಾವಾಗಿನಿಂದ ಎಂದು ಕೇಳಿದೆ. "ತಲೆ ಮ್ಯಾಲೆ ಸೊಪ್ಪಿನ ಮಂಕರಿ ಒತ್ತೂ ಒತ್ತೂ ಇಂಗಾಗ್ಯದೆ. ಅದ್ನ ಎಲ್ರಿಗೂ ಯೋಳ್ಕೊಂಡು ಕುಂತ್ಕೊಳಾಕಾಯ್ತದಾ?" ಎಂದರು. ತಮ್ಮ ಲೇಸರ್ ಯಂತ್ರ ನಮ್ಮ ಗೋಡೆಯನ್ನು ಮಿಲಿಮೀಟರಿನಲ್ಲಿ ಅಳೆದಿತ್ತು. ಆ ಕೈಯನ್ನು ಅದೂ ಅಳೆಯಲಿಲ್ಲ, ನಾನೂ ಅಳೆಯಲಿಲ್ಲ.

ತಮಗೆ ಫೋನ್ ಮಾಡಿದಾಗ, "ಹ್ಯಾಂಡೋವರ್ ಆಗಿದೆ ಮೇಡಂ, ಯೂಸೇಜ್ ಇಶ್ಯೂಗೆಲ್ಲ ನಾವು ಬರಲ್ಲ" ಎಂದಿರಿ. ಯೂಸೇಜ್ ಎಂದರೆ ಸ್ನಾನವೆಂದು ಅರ್ಥ ಮಾಡಿಕೊಂಡೆ. ಬಚ್ಚಲುಮನೆಯಲ್ಲಿ ಸ್ನಾನ ಮಾಡಿದ ನಮ್ಮ ಅಪರಾಧವನ್ನು ತಾವು ದೊಡ್ಡ ಮನಸ್ಸಿನಿಂದ ಮನ್ನಿಸಬೇಕು. ಗೂಡನ್ನು ಇಳಿಸುವುದು ತಮ್ಮ ಕಲಾಪ್ರಜ್ಞೆಗೆ ಒಗ್ಗದಿದ್ದರೆ ಅತ್ತೆಯವರನ್ನಾದರೂ ಒಂದಡಿ ಉದ್ದ ಮಾಡಿಕೊಡಬೇಕು. ಸಮತಟ್ಟಾದ ಜಾಗದಿಂದಲೂ ಹರಿದುಹೋಗತಕ್ಕದ್ದೆಂದು ನೀರಿಗೆ ತಮ್ಮ ಲೆಟರ್‌ಹೆಡ್ಡಿನಲ್ಲೇ ಸುತ್ತೋಲೆ ಹೊರಡಿಸಬೇಕು. ಎರಡೂ ಆಗದಿದ್ದರೆ ತಾವೇ ಒಂದು ಬೆಳಿಗ್ಗೆ ಬಲಗೈ ಕಟ್ಟಿಕೊಂಡು, ಕಣ್ಣಿಗೆ ಸೀಗೆಪುಡಿ ಹಾಕಿಕೊಂಡು ನಮ್ಮಲ್ಲಿಗೆ ಸ್ನಾನಕ್ಕೆ ಬರಬೇಕು. ಬಿಸಿನೀರು ನಮ್ಮದು.

ತಾವು ಬರುವುದು ತಡವಾದ್ದರಿಂದ ಕಳೆದ ವಾರ ಮುದಕಪ್ಪನವರನ್ನೇ ಕರೆಸಿದೆ. ಮಾರತ್ತಹಳ್ಳಿಯ ಕೆಲಸಕ್ಕೆ ಎರಡು ದಿನ ರಜೆ ಹೇಳಿ ಬಂದರು. 'ಅವತ್ತೇ ಹೇಳಿದ್ದೆ' ಎನ್ನಲಿಲ್ಲ, ನಕ್ಷೆಯನ್ನೂ ಕೇಳಲಿಲ್ಲ. ಬಚ್ಚಲುಮನೆಯಲ್ಲಿ ಸ್ಟೂಲು ಹಾಕಿ ಅತ್ತೆಯವರನ್ನು ಕೂರಿಸಿ, "ಅವ್ವಾ, ಕಣ್ಣು ಮುಚ್ಚಿ ಎಡಗೈ ಚಾಚ್ರಿ. ನೋವಾಗೂ ಮದ್ಲ ನಿಲ್ಸ್ರಿ" ಎಂದರು. ಕೈ ಗೋಡೆಗೆ ತಾಗಿದಲ್ಲಿ ಪೆನ್ಸಿಲಿನ ಗೀಟು ಎಳೆದರು. ಈಗ ಅಲ್ಲೊಂದು ಗೂಡಿದೆ. ಟೈಲ್ಸಿನ ಬಣ್ಣ ಹೊಂದಿಲ್ಲ, ದೀಪವಿಲ್ಲ; ತಳ ಮಾತ್ರ ತುಸು ಮುಂದಕ್ಕೆ ಬಾಗಿದೆ, ನೀರು ನಿಲ್ಲುವುದಿಲ್ಲ.

ನಿನ್ನೆ ಅತ್ತೆಯವರು ಒಬ್ಬರೇ ಸ್ನಾನಕ್ಕೆ ಹೋದರು. ನಾನು ಬಾಗಿಲಾಚೆ ನಿಂತಿದ್ದೆ. "ಅಲ್ಲೇ ನಿಂತಿದ್ದೀಯಾ? ಓಗಮ್ಮ, ಕೆಲ್ಸ ನೋಡು" ಎಂದು ಒಳಗಿನಿಂದ ಗದರಿದರು. ಅಷ್ಟು ಇಂಪಾದ ಗದರಿಕೆಯನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ.

ಇಂತಿ,
ಒಂದು ಕಾಲದಲ್ಲಿ ತಮ್ಮನ್ನು ಕಣ್ಣು ಮುಚ್ಚಿ ನಂಬಿದ್ದ
ತಮ್ಮ ವಿಶ್ವಾಸಿ,
ಯಮುನಾ ದೇವರಾಜ್

ಮರೆತ ಮಾತು: ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ನಾನು ಹಾಕಿದ ಹೊಸ ಗೂಡಿನ ಫೋಟೋ ಹೇಗೋ ತಮಗೆ ತಲುಪಿ, ಅದನ್ನು 'ಹಿರಿಯ ಸ್ನೇಹಿ ವಿನ್ಯಾಸ' ಎಂದು ತಮ್ಮ ಸಂಸ್ಥೆಯ ಪುಟದಲ್ಲಿ ಹಾಕಿಕೊಳ್ಳಲು ಅನುಮತಿ ಕೇಳಿದ್ದೀರಿ. ನನ್ನ ಅಭ್ಯಂತರವಿರಲಿಲ್ಲ, ಕೆಳಗೆ ಮುದಕಪ್ಪನವರ ಹೆಸರಿರಲಿ ಎಂದುಕೊಂಡು ಅವರನ್ನೇ ಕೇಳಿದೆ. "ಬ್ಯಾಡ್ರಿ ಅಕ್ಕಾ" ಎಂದರು, "ಅವ್ರ ಜೋಡಿ ನನ್ ಹೆಸ್ರು ಕಂಡ್ರ ಮುಂದ ನನಗ ಯಾರೂ ಕೆಲ್ಸ ಕೊಡಂಗಿಲ್ರಿ."